ಬಂಡೆಯೇರುವ ಬಂಡಿ

ಮಾಘಮಾಸದ ಭರತ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದ ದಾರಿಗಳು ಜನರಿಂದ ತುಂಬಿಹೋಗುತ್ತವೆ. ಬಸ್ಸು, ಟ್ರ್ಯಾಕ್ಟರುಗಳ ಸಂಖ್ಯೆ ಎಷ್ಟೇ ಹೆಚ್ಚಿದ್ದರೂ ಚಕ್ಕಡಿ ಹೂಡಿಕೊಂಡು ಬರುವ ಭಕ್ತರು ಇಂದಿಗೂ ಇದ್ದಾರೆ. ಎತ್ತುಗಳ ಕೊರಳ ಗೆಜ್ಜೆಯ ನಾದ, ‘ಉಧೋ ಉಧೋ’ ಎಂಬ ಘೋಷ, ಗಾಲಿಗಳಡಿಯಲ್ಲಿ ನುರಿಯುವ ಕಲ್ಲಿನ ಸದ್ದು ಇವೆಲ್ಲವೂ ಒಂದುಗೂಡಿ ಕೇಳಿಬರುತ್ತವೆ. ದಾರಿ ಏರಾದಾಗ ಚಕ್ಕಡಿ ಹೊಡೆಯುವವನು ಎತ್ತುಗಳನ್ನು ಅವಸರಪಡಿಸುವುದಿಲ್ಲ. ಹಿಂದೆ ಕುಳಿತವರನ್ನು ಮುಂದಕ್ಕೆ ಸರಿಸುತ್ತಾನೆ. ಹಿಂಭಾಗದ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆಂಬುದನ್ನು ಅವನು ಬಲ್ಲನು. ನಡುವೆ ನಿಲ್ಲಬೇಕಾದರೆ ಗಾಲಿಯ ಹಿಂದೆ ಒಂದು ಕಲ್ಲನ್ನು ಇಡಿಸುತ್ತಾನೆ. ಯಂತ್ರಶಾಸ್ತ್ರದ ಪುಸ್ತಕವನ್ನು ಅವನು ಓದಿರಲಾರನು. ಆದರೆ ಏರು ದಾರಿಯಲ್ಲಿ ವೇಗಕ್ಕಿಂತ ಹಿಡಿತವೂ ಬಲಕ್ಕಿಂತ ಸಮತೋಲವೂ ಮುಖ್ಯವೆಂಬ ಆ ಶಾಸ್ತ್ರದ ಸಾರವು ಅವನಿಗೆ ಅನುಭವದಿಂದ ತಿಳಿದಿದೆ.

ಇದೇ ಸಾರವನ್ನು ಆಧರಿಸಿದ ಒಂದು ಪುಟ್ಟ ವಾಹನವಿದೆ. ಅದು ಒಂದೂವರೆ ಅಡಿಯಷ್ಟು ಉದ್ದವಾಗಿದ್ದು ಎರಡರಿಂದ ಮೂರು ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಚಾಲಕನಿಲ್ಲ. ದೂರದಲ್ಲಿ ನಿಂತವರ ಕೈಯಲ್ಲಿರುವ ಸಾಧನದಿಂದ ಹೊರಟ ರೇಡಿಯೋ ತರಂಗಗಳ ಆಜ್ಞೆಯಂತೆ ಅದು ನಡೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಓಡುವುದು ಅದರ ಕೆಲಸವಲ್ಲ. ತನಗಿಂತ ಎತ್ತರವಾದ ಬಂಡೆಗಳನ್ನು ನಿಧಾನವಾಗಿ, ತೆವಳಿದಂತೆ ಏರುವುದೇ ಅದರ ಕೆಲಸ. ಆದುದರಿಂದಲೇ ಅದಕ್ಕೆ ಇಂಗ್ಲಿಷಿನಲ್ಲಿ ‘ರಾಕ್ ಕ್ರಾಲರ್’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಅದನ್ನು ‘ಬಂಡೆಯೇರುವ ಬಂಡಿ’ ಎನ್ನಬಹುದು.

ತಂತಿಯ ಸಂಪರ್ಕವಿಲ್ಲದೆ ದೂರದಿಂದ ಯಂತ್ರವನ್ನು ನಡೆಸುವ ವಿದ್ಯೆ ಹೊಸದೇನೂ ಅಲ್ಲ. 1890ರ ದಶಕದಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವಿದ್ಯುತ್ಕಾಂತ ತರಂಗಗಳ ಮೂಲಕ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕ್ ನಗರದ ಪ್ರದರ್ಶನವೊಂದರಲ್ಲಿ ನೀರಿನ ತೊಟ್ಟಿಯಲ್ಲಿದ್ದ ಸಣ್ಣ ದೋಣಿಯನ್ನು ರೇಡಿಯೋ ತರಂಗಗಳಿಂದ ನಡೆಸಿ ನೋಡುಗರನ್ನು ಬೆರಗುಗೊಳಿಸಿದನು. ಈ ವಿದ್ಯೆ ಮುಂದೆ ಆಟಿಕೆಗಳಿಗೂ ಬಂದಿತು. ಜಪಾನಿನ ತಾಮಿಯಾ ಸಂಸ್ಥೆಯು 1976ರಲ್ಲಿ ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರನ್ನೂ, 1987ರಲ್ಲಿ ‘ಕ್ಲಾಡ್ ಬಸ್ಟರ್’ ಎಂಬ ದೊಡ್ಡ ಗಾಲಿಗಳ ವಾಹನವನ್ನೂ ಹೊರತಂದಿತು. ಎರಡನೆಯದರಲ್ಲಿ ಒಂದೊಂದು ಅಚ್ಚಿಗೂ ಒಂದೊಂದು ಮೋಟಾರು ಇದ್ದಿತು. ಹವ್ಯಾಸಿಗಳು ಆ ಅಚ್ಚುಗಳನ್ನು ಬಿಚ್ಚಿ ತೆಗೆದು, ತಾವೇ ಮಾಡಿದ ಚೌಕಟ್ಟಿಗೆ ಜೋಡಿಸಿ, ಬಂಡೆಗಳ ಮೇಲೆ ನಡೆಸಿ ನೋಡಿದರು. ಒಂದು ವಾಹನದ ಭಾಗವನ್ನು ಇನ್ನೊಂದಕ್ಕೆ ಹೊಂದಿಸಿ ಹೊಸದನ್ನು ಕಟ್ಟುವ ಪದ್ಧತಿ ಈ ಹವ್ಯಾಸಕ್ಕೆ ಮೊದಲಿನಿಂದಲೂ ಬಂದದ್ದು.

ಇಂತಹ ಬಂಡಿಯ ಪರೀಕ್ಷೆಗೆ ಬೆಳಗಾವಿ ಜಿಲ್ಲೆಯ ಪೂರ್ವಭಾಗದ ನೆಲ ಹೇಳಿ ಮಾಡಿಸಿದಂತಿದೆ. ಬೈಲಹೊಂಗಲದ ಸುತ್ತ ಹರಡಿರುವುದು ಎರೆಭೂಮಿ. ಮಳೆಗಾಲದಲ್ಲಿ ಅದು ಗಾಲಿಗೆ ಅಂಟಿ ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ಗಾಲಿಯನ್ನು ಸಿಕ್ಕಿಸಿಕೊಳ್ಳುತ್ತದೆ. ಕಿತ್ತೂರಿನಿಂದ ಪಡುವಣಕ್ಕೆ ಸಾಗಿದಂತೆ ಮಲೆನಾಡಿನ ಅಂಚು ತೋರತೊಡಗುತ್ತದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಯು ಮರಳುಗಲ್ಲಿನ ಗುಡ್ಡಗಳನ್ನು ಸೀಳಿಕೊಂಡು ಹರಿದಿದೆ. ಆ ಕಣಿವೆಗೇ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಲಾಗಿದೆ. ರಾಮದುರ್ಗ ತಾಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳದಲ್ಲಿಯೂ ಇಂತಹ ಕಲ್ಲುಗುಡ್ಡಗಳಿವೆ. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹವೆಂದು ಕರೆಯುವ ಈ ಪುರಾತನ ಶಿಲೆಗಳು ಪದರಪದರವಾಗಿ ಒಡೆದು, ಮೂಲೆ ಹರಿತವಾದ ಮೆಟ್ಟಿಲುಗಳಂತೆ ನಿಂತಿವೆ. ಬಂಡಿಯ ಒಂದು ಗಾಲಿ ಮೇಲಿನ ಮೆಟ್ಟಿಲಿನಲ್ಲಿರುವಾಗ ಇನ್ನೊಂದು ಸಂದಿಯೊಳಗೆ ಇಳಿದಿರುತ್ತದೆ. ಅಂತಹ ನೆಲದಲ್ಲಿಯೂ ನಾಲ್ಕು ಗಾಲಿಗಳು ಕಲ್ಲನ್ನು ಬಿಡದಂತೆ ಮಾಡುವುದೇ ಕಟ್ಟುವವರ ಮುಂದಿರುವ ಸಮಸ್ಯೆ.

ಬಂಡಿಯ ಭಾಗಗಳನ್ನು ಒಂದೊಂದಾಗಿ ನೋಡಿದರೆ ಈ ಸಮಸ್ಯೆಯ ಪರಿಹಾರ ತಿಳಿಯುತ್ತದೆ. ಮೊದಲನೆಯದು ಆಜ್ಞೆಯ ವ್ಯವಸ್ಥೆ. ಕೈಯಲ್ಲಿ ಹಿಡಿಯುವ ಪ್ರೇಷಕವು ಸೆಕೆಂಡಿಗೆ 240 ಕೋಟಿ ಕಂಪನಗಳ ಆಸುಪಾಸಿನ ತರಂಗಗಳನ್ನು ಹೊರಡಿಸುತ್ತದೆ. ಆ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಬಂಡಿಯಲ್ಲಿರುವ ಗ್ರಾಹಕವು ಅದನ್ನು ಸ್ವೀಕರಿಸಿ, ಸೆಕೆಂಡಿಗೆ ಐವತ್ತು ಸಲದಂತೆ ಸಣ್ಣ ವಿದ್ಯುತ್ ಮಿಡಿತಗಳನ್ನು ಸರ್ವೋ ಎಂಬ ಮೋಟಾರಿಗೆ ಕಳುಹಿಸುತ್ತದೆ. ಮಿಡಿತವು ಒಂದೂವರೆ ಮಿಲಿಸೆಕೆಂಡ್ ಇದ್ದರೆ ಗಾಲಿಗಳು ನೇರವಾಗಿ ನಿಲ್ಲುತ್ತವೆ; ಒಂದು ಮಿಲಿಸೆಕೆಂಡಿಗೆ ಇಳಿದರೆ ಒಂದು ಬದಿಗೂ, ಎರಡಕ್ಕೆ ಏರಿದರೆ ಮತ್ತೊಂದು ಬದಿಗೂ ತಿರುಗುತ್ತವೆ. ಇನ್ನೊಂದು ಸಾಲಿನ ಮಿಡಿತಗಳು ವೇಗನಿಯಂತ್ರಕಕ್ಕೆ ಹೋಗಿ, ಬಂಡಿಯನ್ನು ನಡೆಸುವ ಮುಖ್ಯ ಮೋಟಾರಿನ ವೇಗವನ್ನು ನಿರ್ಧರಿಸುತ್ತವೆ. ಬೆರಳನ್ನು ಸಡಿಲಿಸಿದೊಡನೆ ಇಳಿಜಾರಿನಲ್ಲಿಯೂ ಬಂಡಿ ಹಿಂದಕ್ಕೆ ಜಾರದಂತೆ ಹಿಡಿದು ನಿಲ್ಲಿಸುವ ಗುಣವೂ ಈ ನಿಯಂತ್ರಕಕ್ಕಿದೆ. ಗುಡ್ಡದ ದಾರಿಯಲ್ಲಿ ಚಕ್ಕಡಿಯ ಗಾಲಿಯ ಹಿಂದಿಟ್ಟ ಕಲ್ಲಿನ ಕೆಲಸವನ್ನೇ ಅದು ಮಾಡುತ್ತದೆ.

ಎರಡನೆಯದು ಶಕ್ತಿಯ ವ್ಯವಸ್ಥೆ. ಮೋಟಾರು ಸಹಜವಾಗಿ ಅತಿವೇಗದಿಂದ ತಿರುಗುತ್ತದೆ. ಆದರೆ ಅದರ ತಿರುಗಿಸುವ ಬಲ ಕಡಿಮೆ. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವ ಸಾಧನವೇ ಹಲ್ಲುಗಾಲಿಗಳ ಸರಣಿ. ಮೋಟಾರಿನ ಸಣ್ಣ ಹಲ್ಲುಗಾಲಿಗೆ 14 ಹಲ್ಲುಗಳೂ ಅದು ತಿರುಗಿಸುವ ದೊಡ್ಡದಕ್ಕೆ 56 ಹಲ್ಲುಗಳೂ ಇದ್ದರೆ ವೇಗವು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಗೇರುಪೆಟ್ಟಿಗೆಯಲ್ಲಿ ಅದು ಮತ್ತೆ ಐದನೆಯ ಒಂದಕ್ಕೂ, ಅಚ್ಚಿನಲ್ಲಿ ಮೂರನೆಯ ಒಂದಕ್ಕೂ ಇಳಿದರೆ, ಒಟ್ಟಿನಲ್ಲಿ ಅರವತ್ತನೆಯ ಒಂದು ಭಾಗವಾಗುತ್ತದೆ. ಮೋಟಾರು ನಿಮಿಷಕ್ಕೆ 12,000 ಸಲ ತಿರುಗಿದರೆ ಗಾಲಿಯು 200 ಸಲ ತಿರುಗುತ್ತದೆ. ಗಾಲಿಯ ವ್ಯಾಸ 12 ಸೆಂಟಿಮೀಟರಾದರೆ ಬಂಡಿಯು ನಿಮಿಷಕ್ಕೆ ಸುಮಾರು 75 ಮೀಟರು, ಎಂದರೆ ಗಂಟೆಗೆ ನಾಲ್ಕೂವರೆ ಕಿಲೋಮೀಟರು ಸಾಗುತ್ತದೆ. ಇದು ನಡೆದುಹೋಗುವ ಮನುಷ್ಯನ ವೇಗ. ಘರ್ಷಣೆಯಲ್ಲಿ ಕಳೆದುದನ್ನು ಬಿಟ್ಟರೆ, ವೇಗ ಎಷ್ಟು ಪಾಲು ಇಳಿಯಿತೋ ಗಾಲಿಯನ್ನು ತಿರುಗಿಸುವ ಬಲ ಅಷ್ಟು ಪಾಲು ಏರುತ್ತದೆ.

ಮೂರನೆಯದು ಅಚ್ಚು ಮತ್ತು ಗಾಲಿಗಳ ವ್ಯವಸ್ಥೆ. ಸಾಮಾನ್ಯ ಕಾರಿನಲ್ಲಿ ಡಿಫರೆನ್ಷಿಯಲ್ ಎಂಬ ಭಾಗವಿರುತ್ತದೆ. ತಿರುವಿನಲ್ಲಿ ಎರಡು ಗಾಲಿಗಳು ಬೇರೆ ಬೇರೆ ವೇಗದಿಂದ ತಿರುಗಲು ಅದು ಅವಕಾಶ ಕೊಡುತ್ತದೆ. ಆದರೆ ಬಂಡೆಯ ಮೇಲೆ ಒಂದು ಗಾಲಿ ಗಾಳಿಯಲ್ಲಿ ತೇಲಿದರೆ ಅದೊಂದೇ ವ್ಯರ್ಥವಾಗಿ ತಿರುಗಿ, ಕಲ್ಲನ್ನು ಹಿಡಿದಿರುವ ಗಾಲಿ ಸುಮ್ಮನೆ ನಿಂತುಬಿಡುತ್ತದೆ. ಆದುದರಿಂದ ಬಂಡೆಯೇರುವ ಬಂಡಿಯಲ್ಲಿ ಎರಡು ಗಾಲಿಗಳೂ ಕೂಡಿಯೇ ತಿರುಗುವಂತೆ ಅದನ್ನು ಬಂಧಿಸಿರುತ್ತಾರೆ. ಇದರಿಂದ ಬಂಡಿ ಸರಾಗವಾಗಿ ತಿರುಗುವುದಿಲ್ಲ ನಿಜ. ಆದರೆ ಏರುವ ಗುಣ ಬಹಳವಾಗಿ ಹೆಚ್ಚುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕೆಂಬುದು ಯಂತ್ರಗಳ ಲೋಕದ ನಿಯಮ. ಟೈರುಗಳು ಮೃದುವಾದ ರಬ್ಬರಿನವು. ಅವುಗಳೊಳಗೆ ಒತ್ತಿದ ಗಾಳಿಯಿಲ್ಲ, ಸ್ಪಂಜಿನಂತಹ ವಸ್ತುವಿದೆ. ಕಲ್ಲಿನ ಮೂಲೆಯ ಆಕಾರಕ್ಕೆ ತಾವೇ ಬಾಗಿ ಅವು ಅದನ್ನು ಅಪ್ಪಿಕೊಳ್ಳುತ್ತವೆ. ಅಚ್ಚುಗಳನ್ನು ಚೌಕಟ್ಟಿಗೆ ಸರಳುಗಳಿಂದಲೂ ಸ್ಪ್ರಿಂಗುಗಳಿಂದಲೂ ತೂಗುಹಾಕಿರುವುದರಿಂದ ಮುಂದಿನ ಅಚ್ಚು ಎಡಕ್ಕೆ ಓರೆಯಾದಾಗ ಹಿಂದಿನದು ಬಲಕ್ಕೆ ಓರೆಯಾಗಬಲ್ಲುದು.

ನಾಲ್ಕನೆಯದು ಭಾರದ ಹಂಚಿಕೆ. ಎಡಬಲ ಗಾಲಿಗಳ ನಡುವಿನ ಅಂತರ 20 ಸೆಂಟಿಮೀಟರು ಇದ್ದು, ಬಂಡಿಯ ಗುರುತ್ವಕೇಂದ್ರವು ನೆಲದಿಂದ 10 ಸೆಂಟಿಮೀಟರು ಎತ್ತರದಲ್ಲಿದ್ದರೆ, 45 ಡಿಗ್ರಿ ಓರೆಯಾದಾಗ ಬಂಡಿ ಮಗುಚುತ್ತದೆ. ಗುರುತ್ವಕೇಂದ್ರವನ್ನು 8 ಸೆಂಟಿಮೀಟರಿಗೆ ಇಳಿಸಿದರೆ 51 ಡಿಗ್ರಿಯವರೆಗೂ ನಿಲ್ಲುತ್ತದೆ. ಇಷ್ಟಕ್ಕಾಗಿಯೇ ಭಾರವಾದ ಬ್ಯಾಟರಿಯನ್ನು ಕೆಳಗೆ, ಮುಂಭಾಗದಲ್ಲಿ ಇಡುತ್ತಾರೆ. ಮುಂದಿನ ಅಚ್ಚಿಗೆ ಹಿತ್ತಾಳೆಯ ತುಂಡುಗಳನ್ನು ತೊಡಿಸುತ್ತಾರೆ. ಏರಿನಲ್ಲಿ ಜನರನ್ನು ಮುಂದಕ್ಕೆ ಸರಿಸಿದ ಚಕ್ಕಡಿಯವನ ಲೆಕ್ಕ ಇಲ್ಲಿಯೂ ತಪ್ಪುವುದಿಲ್ಲ.

ಇಷ್ಟೆಲ್ಲ ಭಾಗಗಳನ್ನು ಬೇರೆ ಬೇರೆ ಕಡೆಗಳಿಂದ ತಂದು ಕೂಡಿಸಲು ಹೇಗೆ ಸಾಧ್ಯ? ಅಳತೆಗಳ ಏಕರೂಪತೆಯೇ ಇದಕ್ಕೆ ಕಾರಣ. ‘540’ ಎಂಬ ಗಾತ್ರದ ಮೋಟಾರಿನ ತಿರುಪು ತೂತುಗಳ ನಡುವೆ 25 ಮಿಲಿಮೀಟರು ಅಂತರವಿರುತ್ತದೆ. ಗಾಲಿ ಕೂಡುವ ಆರು ಮೂಲೆಯ ಬಿಲ್ಲೆ ಸಾಮಾನ್ಯವಾಗಿ 12 ಮಿಲಿಮೀಟರಿನದು. ಅದು ಅಚ್ಚಿನ ಮೇಲೆ ಜಾರದಂತೆ 2 ಮಿಲಿಮೀಟರಿನ ಒಂದು ಉಕ್ಕಿನ ಕೀಲು ಹಿಡಿದಿರುತ್ತದೆ. ಈ ಅಳತೆಗಳಿಗೆ ಹೊಂದಿದರೆ ಯಾವ ದೇಶದ ಭಾಗವಾದರೂ ಕೂಡಿಕೊಳ್ಳುತ್ತದೆ. ಚೌಕಟ್ಟಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಊರಿನಲ್ಲಿಯೇ ಕೊರೆದು ತೂತು ಹಾಕಬಹುದು; ಹಿತ್ತಾಳೆಯ ತುಂಡುಗಳನ್ನು ಯಾವ ಲೇತಿನಲ್ಲಾದರೂ ಕಡೆಸಬಹುದು. ಹಿಂದೆ ಹಳ್ಳಿಯ ಬಡಿಗನು ಜಾಲಿಯ ಮರದಿಂದ ಗಾಲಿಯನ್ನು ಕಟ್ಟುತ್ತಿದ್ದನು; ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಅದಕ್ಕೆ ತೊಡಿಸಿ ನೀರೆರೆದು ಬಿಗಿಗೊಳಿಸುತ್ತಿದ್ದನು. ಚಕ್ಕಡಿಯೂ ಹೀಗೆ ಹಲವರ ಕೈಯ ಭಾಗಗಳು ಕೂಡಿ ಆದದ್ದೇ.

ಆದರೆ ಒಳ್ಳೆಯ ಭಾಗಗಳನ್ನು ಕೂಡಿಸಿದ ಮಾತ್ರಕ್ಕೆ ಒಳ್ಳೆಯ ಬಂಡಿ ಆಗುವುದಿಲ್ಲ. ಬೈಲಹೊಂಗಲದ ಒಬ್ಬ ವಿದ್ಯಾರ್ಥಿನಿ ಇಂತಹ ಬಂಡಿಯನ್ನು ಕಟ್ಟತೊಡಗಿದಳೆಂದು ಕಲ್ಪಿಸಿಕೊಳ್ಳಬಹುದು. ಅವಳ ಅಜ್ಜ ಚಕ್ಕಡಿಗಳನ್ನು ಮಾಡಿ ಹಣ್ಣಾದ ಬಡಿಗ. ಕೂಡಿಟ್ಟ ಹಣದಿಂದ ಅವಳು ಒಂದೊಂದೇ ಭಾಗವನ್ನು ತರಿಸುತ್ತಾಳೆ. ಮೊದಲು ಓಟದ ಕಾರಿನ ವೇಗದ ಮೋಟಾರನ್ನು ಕೂಡಿಸುತ್ತಾಳೆ. ಸವದತ್ತಿಯ ಗುಡ್ಡದ ಬುಡದಲ್ಲಿ ಬಂಡಿ ಬಂಡೆಯ ಮುಂದೆ ನಿಂತು ಗಾಲಿಗಳನ್ನು ಗಿರಗಿರನೆ ತಿರುಗಿಸುತ್ತದೆಯೇ ಹೊರತು ಒಂದಿಂಚೂ ಏರುವುದಿಲ್ಲ. ಮೋಟಾರು ಮುಟ್ಟಲಾಗದಷ್ಟು ಕಾಯುತ್ತದೆ. ಅವಳು ಅದನ್ನು ತೆಗೆದು, ತಂತಿಯ ಸುತ್ತುಗಳು ಹೆಚ್ಚಾಗಿರುವ ನಿಧಾನದ ಮೋಟಾರನ್ನು ಹಾಕುತ್ತಾಳೆ. ಹಲ್ಲುಗಾಲಿಗಳ ನಡುವೆ ಕಾಗದದ ಚೂರೊಂದನ್ನಿಟ್ಟು, ಅವು ಹೆಚ್ಚು ಬಿಗಿಯೂ ಆಗದಂತೆ ಸಡಿಲವೂ ಆಗದಂತೆ ಹೊಂದಿಸುತ್ತಾಳೆ. ಈಗ ಬಂಡಿ ಏರುತ್ತದೆ. ಆದರೆ ಹೊಸ ಬಲವನ್ನು ತಾಳಲಾರದೆ, ಅಚ್ಚಿಗೆ ಶಕ್ತಿಯನ್ನು ಒಯ್ಯುವ ಪ್ಲಾಸ್ಟಿಕ್ ದಂಡ ತಿರುಚಿ ಮುರಿಯುತ್ತದೆ. ಅವಳು ಉಕ್ಕಿನ ದಂಡವನ್ನು ತರಿಸುತ್ತಾಳೆ. ಎರಡು ಕಲ್ಲುಗಳ ನಡುವೆ ಗಾಲಿ ಸಿಕ್ಕಿಕೊಂಡಾಗ ಉಕ್ಕಿನ ದಂಡ ಮುರಿಯುವುದಿಲ್ಲ. ಅದರ ಬದಲು ಅಚ್ಚಿನೊಳಗಿನ ಹಲ್ಲುಗಾಲಿಯ ಹಲ್ಲುಗಳೇ ಉದುರಿಹೋಗುತ್ತವೆ.

ಹಣವೂ ಹೋಯಿತು, ಬಂಡಿಯೂ ನಿಂತಿತು ಎಂದು ಅವಳು ಮುಖ ಸಣ್ಣದು ಮಾಡಿಕೊಂಡು ಕೂಡುತ್ತಾಳೆ. ಅಜ್ಜನು ಗದರಿಸುವುದಿಲ್ಲ. “ಎಲ್ಲಿ ಮುರೀತು ಅದನ್ನ ಮೊದಲ ನೋಡವಾ. ಮುರದದ್ದು ಸುಳ್ಳ ಹೇಳೂದಿಲ್ಲ” ಎನ್ನುತ್ತಾನೆ. ಉದುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು ನೋಡಿ ಮುಂದುವರಿಸುತ್ತಾನೆ: “ಒಂದನ್ನ ಗಟ್ಟಿ ಮಾಡಿದರ ಮುರಿಯೂದು ನಿಲ್ಲೂದಿಲ್ಲ, ಬ್ಯಾರೆ ಕಡೆ ಹೋಗತೈತಿ. ಎಲ್ಲಿ ಮುರದರ ದುರಸ್ತಿ ಸಲೀಸೋ, ಅಲ್ಲೇ ಮುರೀಲಿ.” ಅವಳು ಯೋಚಿಸಿ, ಅಚ್ಚಿನ ಹಲ್ಲುಗಾಲಿಯನ್ನು ಉಕ್ಕಿನದಾಗಿ ಮಾಡಿ, ಅಗ್ಗದ ಪ್ಲಾಸ್ಟಿಕ್ ದಂಡವನ್ನೇ ಮತ್ತೆ ಜೋಡಿಸುತ್ತಾಳೆ, ಎರಡು ಹೆಚ್ಚಿನ ದಂಡಗಳನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತಾಳೆ. ಇನ್ನು ಮುಂದೆ ಗಾಲಿ ಸಿಕ್ಕಿಕೊಂಡರೆ ದಂಡ ಮುರಿಯುತ್ತದೆ, ಆದರೆ ಐದು ನಿಮಿಷಗಳಲ್ಲಿ ಬದಲಾಗುತ್ತದೆ. ಟ್ರ್ಯಾಕ್ಟರಿನ ರೋಟಾವೇಟರಿನಲ್ಲಿ ಕಲ್ಲು ಸಿಕ್ಕಾಗ ಮೊದಲು ತುಂಡಾಗುವ ಬೋಲ್ಟನ್ನು ಇಟ್ಟಿರುವುದು ಇದೇ ಉದ್ದೇಶದಿಂದ. ದುರ್ಬಲತೆಯನ್ನು ಸಂಪೂರ್ಣವಾಗಿ ಇಲ್ಲವಾಗಿಸುವುದು ಸಾಧ್ಯವಿಲ್ಲ. ಅದರ ಸ್ಥಳವನ್ನು ತಿಳಿದು ಆರಿಸುವುದು ಸಾಧ್ಯ.

ಈ ಕೆಲಸದಲ್ಲಿ ಎಚ್ಚರಿಕೆಯೂ ಅಗತ್ಯ. ಬಂಡಿಗೆ ಬಳಸುವ ಲಿಥಿಯಂ ಬ್ಯಾಟರಿಯ ಎರಡು ಕೋಶಗಳು ಕೂಡಿ 7.4 ವೋಲ್ಟಿನವು; ತುಂಬಿದಾಗ ಅವು 8.4 ವೋಲ್ಟಿಗೆ ಏರುತ್ತವೆ. 6 ವೋಲ್ಟಿಗಿಂತ ಕೆಳಗಿಳಿದರೆ ಕೋಶಗಳು ಕೆಡುತ್ತವೆ. ಉಬ್ಬಿದ ಇಲ್ಲವೆ ಚುಚ್ಚಿಹೋದ ಬ್ಯಾಟರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದನ್ನು ತುಂಬಲೇಬಾರದು; ಸರಿಯಾಗಿರುವ ಬ್ಯಾಟರಿಯನ್ನೂ ಹಿರಿಯರ ಎದುರಿನಲ್ಲಿ, ಕಲ್ಲುನೆಲದ ಮೇಲಿಟ್ಟು, ತಕ್ಕ ಚಾರ್ಜರಿನಿಂದಲೇ ತುಂಬಬೇಕು. ಬಂಡಿಯ ಪರೀಕ್ಷೆಗೆ ತಕ್ಕ ಸ್ಥಳವನ್ನೂ ಆರಿಸಬೇಕು. 1824ರಲ್ಲಿ ರಾಣಿ ಚೆನ್ನಮ್ಮನು ಬ್ರಿಟಿಷರನ್ನು ಎದುರಿಸಿದ ಕಿತ್ತೂರಿನ ಕೋಟೆಯ ಕಲ್ಲುಗಳು ಆಟದ ಬಂಡೆಗಳಲ್ಲ. ಗುಡಿಯ ಮೆಟ್ಟಿಲುಗಳೂ ಅಲ್ಲ.

ಇದು ಬರಿಯ ಆಟವೆಂದು ಕೆಲವರಿಗೆ ತೋರಬಹುದು. ಆದರೆ ಇದೇ ಬಗೆಯ ವಿಚಾರವು ಮನುಷ್ಯನನ್ನು ಬಹುದೂರ ಕೊಂಡೊಯ್ದಿದೆ. 1970ರಲ್ಲಿ ಸೋವಿಯತ್ ಒಕ್ಕೂಟವು ಚಂದ್ರನ ಮೇಲಿಳಿಸಿದ ಲೂನೋಖೋದ್ ಎಂಬ ಎಂಟು ಗಾಲಿಗಳ ವಾಹನವನ್ನು ಭೂಮಿಯ ಮೇಲೆ ಕುಳಿತವರು ನಡೆಸಿದರು. 2023ರ ಆಗಸ್ಟ್ 23ರಂದು ಭಾರತದ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದರೊಳಗಿಂದ ಹೊರಬಂದ ‘ಪ್ರಜ್ಞಾನ್’ ಎಂಬ ಬಂಡಿಗೆ ಆರು ಗಾಲಿಗಳಿದ್ದವು. ತೂಕ 26 ಕಿಲೋಗ್ರಾಂ. ಸ್ಪ್ರಿಂಗುಗಳ ಬದಲು ತೂಗುವ ತೋಳುಗಳಿಗೆ ಗಾಲಿಗಳನ್ನು ಜೋಡಿಸಿದ್ದುದರಿಂದ ಉಬ್ಬುತಗ್ಗಿನ ನೆಲದಲ್ಲಿಯೂ ಆರೂ ಗಾಲಿಗಳು ನೆಲವನ್ನು ಬಿಡುತ್ತಿರಲಿಲ್ಲ. ಅದರ ವೇಗ ಸೆಕೆಂಡಿಗೆ ಕೇವಲ ಒಂದು ಸೆಂಟಿಮೀಟರು. ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಹೊರಟ ಆಜ್ಞೆ ಚಂದ್ರನನ್ನು ಮುಟ್ಟಲು ಒಂದು ಸೆಕೆಂಡಿಗೂ ಮಿಕ್ಕಿದ ಕಾಲ ಬೇಕು. ಅವಸರಪಟ್ಟರೆ ಎಡವಿದುದು ತಿಳಿಯುವಷ್ಟರಲ್ಲಿ ಬಂಡಿ ಉರುಳಿರುತ್ತದೆ. ಆಗಸ್ಟ್ 27ರಂದು ಅದರ ಮುಂದೆ ಮೂರು ಮೀಟರು ದೂರದಲ್ಲಿ ನಾಲ್ಕು ಮೀಟರು ಅಗಲದ ಕುಳಿಯೊಂದು ಕಂಡಿತು. ವಿಜ್ಞಾನಿಗಳು ಅದನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸಿ ಬೇರೆ ದಾರಿಯನ್ನು ಹಿಡಿಸಿದರು. ಸೆಪ್ಟೆಂಬರ್ 2ರಂದು ಅದನ್ನು ನಿದ್ರಾಸ್ಥಿತಿಯಲ್ಲಿ ಇರಿಸುವ ವೇಳೆಗೆ ಅದು ನೂರು ಮೀಟರುಗಳಿಗೂ ಹೆಚ್ಚು ದೂರವನ್ನು ಕ್ರಮಿಸಿದ್ದಿತು. ಇಳಿದು ನೋಡಿ ದುರಸ್ತಿ ಮಾಡುವವರಿಲ್ಲದ ಆ ನೆಲದಲ್ಲಿ ಪ್ರತಿಯೊಂದು ಭಾಗವೂ ಎಲ್ಲಿ ಸೋಲಬಹುದೆಂಬುದನ್ನು ಮೊದಲೇ ಯೋಚಿಸಬೇಕಾಗಿದ್ದಿತು.

ಯಲ್ಲಮ್ಮನ ಗುಡ್ಡವನ್ನೇರುವ ಚಕ್ಕಡಿ, ಶಬರಿಕೊಳ್ಳದ ಕಲ್ಲನ್ನೇರುವ ಆಟದ ಬಂಡಿ, ಚಂದ್ರನ ಮೇಲೆ ನಡೆದ ಪ್ರಜ್ಞಾನ್ ಇವು ಮೂರೂ ಗಾತ್ರದಲ್ಲಿ, ಕಾಲದಲ್ಲಿ, ಬೆಲೆಯಲ್ಲಿ ಒಂದಕ್ಕೊಂದು ಬಹುದೂರ. ಆದರೂ ನೆಲವನ್ನು ಬಿಡದಿರುವುದು, ಭಾರವನ್ನು ತಗ್ಗಿನಲ್ಲಿ ಹೊರುವುದು, ಬೇಕಾದಾಗ ನಿಲ್ಲುವುದು, ಹಿಂದೆ ಸರಿಯಲು ನಾಚದಿರುವುದು ಇವೇ ಅವುಗಳ ಶಕ್ತಿ. ಅಂಗಡಿಯಿಂದ ಸಿದ್ಧವಾದ ಬಂಡಿಯನ್ನು ಕೊಂಡವರಿಗೆ ಅದು ಓಡುವ ತನಕ ಸಂತೋಷ. ತಾನೇ ಕಟ್ಟಿದ ಬಂಡಿ ಬಂಡೆಯ ನಡುವೆ ನಿಂತುಬಿಟ್ಟಾಗ ಆ ವಿದ್ಯಾರ್ಥಿನಿ ಅಳುವುದಿಲ್ಲ; ಚೀಲವನ್ನು ಬಿಚ್ಚಿ, ತಿರುಪುಳಿಯನ್ನು ಕೈಗೆತ್ತಿಕೊಂಡು, ಎಲ್ಲಿ ಮುರಿದಿದೆಯೆಂದು ನೋಡಲು ಕೂಡುತ್ತಾಳೆ.

ಅಭ್ಯಾಸ

ಅ) ಕೆಳಗಿನ ಪ್ರಶ್ನೆಗಳಿಗೆ ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಏರು ದಾರಿಯಲ್ಲಿ ಚಕ್ಕಡಿ ಹೊಡೆಯುವವನು ಜನರನ್ನು ಮುಂದಕ್ಕೆ ಸರಿಸುವುದೇಕೆ?
2. ಬಂಡೆಯೇರುವ ಬಂಡಿಯ ಡಿಫರೆನ್ಷಿಯಲನ್ನು ಬಂಧಿಸುವುದರಿಂದ ಆಗುವ ಲಾಭನಷ್ಟಗಳೇನು?
3. ಬೇರೆ ಬೇರೆ ಕಡೆಯ ಭಾಗಗಳು ಒಂದೇ ಬಂಡಿಗೆ ಹೊಂದಲು ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ವಿದ್ಯಾರ್ಥಿನಿಯು ಪ್ಲಾಸ್ಟಿಕ್ ದಂಡವನ್ನೇ ಮತ್ತೆ ಜೋಡಿಸಿದುದು ಏಕೆ?
2. ಪ್ರಜ್ಞಾನ್ ಬಂಡಿಯು ನಿಧಾನವಾಗಿ ನಡೆಯಬೇಕಾಗಿದ್ದುದು ಏಕೆ?

ಇ) ಸಂದರ್ಭದೊಡನೆ ವಿವರಿಸಿರಿ.
1. “ಮುರದದ್ದು ಸುಳ್ಳ ಹೇಳೂದಿಲ್ಲ.”

ಈ) ಲೆಕ್ಕ ಮಾಡಿ ನೋಡಿರಿ.
ಪಾಠದಲ್ಲಿ ಹೇಳಿದ ಬಂಡಿಯ 14 ಹಲ್ಲಿನ ಗಾಲಿಯ ಬದಲು 28 ಹಲ್ಲಿನದನ್ನು ಹಾಕಿದರೆ ಬಂಡಿಯ ವೇಗ ಎಷ್ಟಾಗುವುದು? ಅದರ ಏರುವ ಬಲ ಏನಾಗುವುದು?